ಕಾಣದ ಅಕ್ಷರಗಳ ಕಾಟ
ನಮ್ಮ ರಾಜಾಜಿನಗರದ ಅಪಾರ್ಟ್‌ಮೆಂಟಿನ ರಾಜ್ಯೋತ್ಸವ ಸಂಚಿಕೆಗೆ ಬರುವ ಲೇಖನಗಳೆಲ್ಲ ವಾಟ್ಸಾಪ್‌ನಿಂದ ವರ್ಡ್‌ಗೆ ಅಂಟಿಸಿದವು, ಹಾಗಾಗಿ ಕಣ್ಣಿಗೆ ಕಾಣದ ಕಸ ಜಾಸ್ತಿ. ಮೊದಲು ಕಂಟ್ರೋಲ್ ಶಿಫ್ಟ್ 8 ಒತ್ತಿ. ಸ್ಪೇಸ್, ಟ್ಯಾಬ್, ಪ್ಯಾರಾ ಗುರುತು ಎಲ್ಲ ಹೊರಗೆ ಬರುತ್ತವೆ. ಆಮೇಲೆ ಹುಡುಕಿ ಬದಲಿಸುವ ಕಿಟಕಿಗೆ ಕಂಟ್ರೋಲ್ ಎಚ್, ಅದರಲ್ಲಿ ‘ಮೋರ್’, ‘ಸ್ಪೆಷಲ್’. ಮ್ಯಾನ್ಯುಯಲ್ ಲೈನ್ ಬ್ರೇಕ್ (ಪ್ಯಾರಾ ಮುಗಿಸದೆ ಸಾಲು ಮಾತ್ರ ಮುರಿಯುವ ಗುರುತು), ನಾನ್‌ಬ್ರೇಕಿಂಗ್ ಸ್ಪೇಸ್ (ಅಲ್ಲಿ ಸಾಲು ಮುರಿಯಲು ಬಿಡದ ಸ್ಪೇಸ್) ಅಲ್ಲೇ ಇವೆ, ಸುಮ್ನೆ ಆರಿಸಿ ಬದಲಿಸಿದರೆ ಆಯಿತು.

ಕನ್ನಡದಲ್ಲಿ ನಿಜವಾದ ತಲೆನೋವು ಝೀರೋ ವಿಡ್ತ್ ನಾನ್ ಜಾಯಿನರ್, ಅಂದರೆ ಎರಡು ಅಕ್ಷರ ಸೇರಿ ಒತ್ತಕ್ಷರ ಆಗದಂತೆ ತಡೆಯುವ, ಕಣ್ಣಿಗೆ ಕಾಣದ ಗುರುತು. ಹುಡುಕಲು ಕ್ಯಾರೆಟ್ ಗುರುತು (^), ಚಿಕ್ಕ ಯು (u), ಜೊತೆಗೆ 8204 ಟೈಪ್ ಮಾಡಿ. ಆದರೆ ದಯವಿಟ್ಟು ‘ರಿಪ್ಲೇಸ್ ಆಲ್’ ಒತ್ತಬೇಡಿ! ಕಸ ಅಂತ ಎಲ್ಲವನ್ನೂ ತೆಗೆದರೆ ‘ರಾಜ್‌ಕುಮಾರ್ ರಸ್ತೆ’ ಹೋಗಿ ‘ರಾಜ್ಕುಮಾರ್ ರಸ್ತೆ’ ಆಗುತ್ತದೆ, ಈ ಏರಿಯಾದಲ್ಲಿ ಅದನ್ನು ಯಾರು ಸಹಿಸುತ್ತಾರೆ, ಅಲ್ವಾ? ಒಂದೊಂದಾಗಿ ನೋಡಿ, ಪದದ ಕೊನೆಯಲ್ಲಿ ಸುಮ್ನೆ ಕೂತಿರುವುದನ್ನು ಮಾತ್ರ ಅಳಿಸಿ.