ಆಂಪ್ ಸುಮ್ಮನಾದ ಮೇಲೆ

ಶಿರಸಿಯಿಂದ ಕುಮಟಾಕ್ಕೆ ಹೊರಟಿದ್ದೆ. ದೇವಿಮನೆ ಘಾಟಿ ಇಳಿಯುವಾಗ ಕಾರಿನ ಡಿಕ್ಕಿಯಲ್ಲಿದ್ದ ಎರಡೂ ಸಬ್‌ವೂಫರ್ (ಬಾಸ್ ಸ್ಪೀಕರ್) ಗಪ್‌ಚುಪ್. ಗಾಡಿ ನಿಲ್ಲಿಸಿ ನೋಡಿದರೆ ಅವಕ್ಕೆ ಪವರ್ ಕೊಡುವ ಆಂಪ್ (ಆಂಪ್ಲಿಫೈಯರ್) ಮೇಲೆ ಕೆಂಪು ದೀಪ, ಮುಟ್ಟಿದರೆ ದೋಸೆ ಕಾವಲಿ!

ತಪ್ಪು ನನ್ನದೇ. ಓಮ್ ಅಂದರೆ ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆ; ಅದು ಕಡಿಮೆಯಾದಷ್ಟೂ ಆಂಪ್ ಮೇಲೆ ಹೊರೆ ಹೆಚ್ಚು. 4 ಓಮ್‌ನ ಎರಡು ಸಬ್ ನಾನು ಮಾಡಿದಂತೆ ಪ್ಯಾರಲಲ್ (ಅಕ್ಕಪಕ್ಕ) ಜೋಡಿಸಿದರೆ 2 ಓಮ್ ಆಗುತ್ತದೆ. ನನ್ನ ಆಂಪ್ ಬ್ರಿಡ್ಜ್ ಮಾಡಿದಾಗ (ಎರಡು ಚಾನೆಲ್ ಸೇರಿಸಿ ಒಂದಾಗಿಸಿದಾಗ) 4 ಓಮ್‌ಗಿಂತ ಕೆಳಗೆ ತಾಳುವುದಿಲ್ಲ. ಡಬ್ಬದ ಮೇಲಿನ ಮ್ಯಾಕ್ಸ್ ವ್ಯಾಟ್ ನೋಡಿ ಮರುಳಾಗಿದ್ದೆ. ನೋಡಬೇಕಾದದ್ದು ಆರ್‌ಎಂಎಸ್ (ಸತತವಾಗಿ ಕೊಡಬಲ್ಲ ಪವರ್) ಮತ್ತು ಓಮ್, ಅಲ್ವಾ? ಸೀರೀಸ್ (ಒಂದರ ಹಿಂದೊಂದು) ಮಾಡಿದರೆ 8 ಓಮ್. ಪವರ್ ಕಡಿಮೆ ಸಿಗುತ್ತದೆ, ಆದರೆ ಆಂಪ್ ಬದುಕುತ್ತದೆ. ನಾಳೆ ಅದೇ ಕೆಲಸ.

ಕಿಟಕಿ ಇಳಿಸಿದೆ. ಮಳೆ ನಿಂತು ಮರದಿಂದ ಹನಿ ಬೀಳುವ ಸದ್ದು, ಜೀರುಂಡೆ ಕೂಗು. ಎಷ್ಟೋ ವರ್ಷದಿಂದ ಇದೇ ದಾರಿ, ಒಮ್ಮೆಯೂ ಕೇಳಿರಲಿಲ್ಲ. ಕುಮಟಾ ಬರುವವರೆಗೂ ಸುಮ್ನೆ ಹಾಗೇ ಹೋದೆ.