ಮಂತ್ರಿಯಾಗುವ ಮೊದಲು ಪ್ರೋಗ್ರಾಮರ್

ಶೇಖಾ ಲುಬ್ನಾ ಅಲ್ ಖಾಸಿಮಿ ಬಗ್ಗೆ ಇವತ್ತು ಬೆಳಿಗ್ಗೆಯಿಂದ ಓದುತ್ತಾ ಕೂತಿದ್ದೇನೆ. ಶಾರ್ಜಾದ ರಾಜಮನೆತನದ ಹೆಣ್ಣುಮಗಳು. 2004ರಲ್ಲಿ ಯುಎಇ ಸಂಪುಟ ಸೇರಿದ ಮೊದಲ ಮಹಿಳೆ. ಆಗ ಸಿಕ್ಕಿದ್ದು ಆರ್ಥಿಕತೆ ಮತ್ತು ಯೋಜನಾ ಖಾತೆ.

ಎಲ್ಲರೂ ಹೇಳುವುದು ಈ 'ಮೊದಲ ಮಹಿಳೆ' ವಿಷಯವನ್ನೇ. ನನಗೆ ಜಾಸ್ತಿ ಇಷ್ಟವಾಗಿದ್ದು ಅದಕ್ಕಿಂತ ಹಿಂದಿನ ವರ್ಷಗಳು. ಕ್ಯಾಲಿಫೋರ್ನಿಯಾದ ಚಿಕೋಗೆ ಹೋಗಿ ಕಂಪ್ಯೂಟರ್ ಸೈನ್ಸ್ ಓದಿದರು. ಊರಿಗೆ ಬಂದು ಪ್ರೋಗ್ರಾಮರ್ ಕೆಲಸಕ್ಕೆ ಸೇರಿದರು. ಆಮೇಲೆ ದುಬೈ ಬಂದರು ಪ್ರಾಧಿಕಾರದಲ್ಲಿ ವರ್ಷಗಟ್ಟಲೆ ಕಂಪ್ಯೂಟರ್ ವ್ಯವಸ್ಥೆ ನೋಡಿಕೊಂಡರು. ಬಂದರಿನ ಕೆಲಸ ಅಂದರೆ ಹಡಗು, ಸರಕು, ಕಾಗದಪತ್ರ, ಅವಸರ. ಅರಮನೆಯ ಹೆಸರು ಅಲ್ಲಿ ಸಾಫ್ಟ್‌ವೇರ್ ಬರೆದುಕೊಡಲ್ಲ, ಅಲ್ವಾ?

2000ದಲ್ಲಿ ತೆಜಾರಿ ಶುರು ಮಾಡಿದರು. ಕಂಪನಿಗಳು ಕಂಪನಿಗಳಿಂದಲೇ ಆನ್‌ಲೈನಿನಲ್ಲಿ ಸರಕು ಕೊಳ್ಳುವ ಮಾರುಕಟ್ಟೆ ಅದು. ಆ ಕಾಲಕ್ಕೆ ದೊಡ್ಡ ಧೈರ್ಯ. ಈ ಅನುಭವ ಇದ್ದದ್ದಕ್ಕೇ ಅವರು ಬರೀ ಹೆಸರಿಗೆ ಮಂತ್ರಿಯಾಗಲಿಲ್ಲ ಅಂತ ನನ್ನ ನಂಬಿಕೆ.

ಮುಂದೆ ವಿದೇಶ ವ್ಯಾಪಾರ, ಅಂತರರಾಷ್ಟ್ರೀಯ ಸಹಕಾರ ಖಾತೆಗಳು ಬಂದವು. ಜಾಯೆದ್ ವಿಶ್ವವಿದ್ಯಾಲಯದ ಅಧ್ಯಕ್ಷರೂ ಆದರು. 2016ರಲ್ಲಿ ಸಹಿಷ್ಣುತೆಗೆಂದೇ ಹೊಸ ಖಾತೆ ಹುಟ್ಟಿದಾಗ ಅದರ ಮೊದಲ ಮಂತ್ರಿಯೂ ಅವರೇ. ನೂರಾರು ದೇಶಗಳ ಜನ ಒಟ್ಟಿಗೆ ದುಡಿಯುವ ನಾಡು ಅದು. ನಮ್ಮ ಮಂಗಳೂರು, ಉಡುಪಿ, ಭಟ್ಕಳದ ಎಷ್ಟೋ ಮನೆಗಳ ಮಕ್ಕಳೂ ಅಲ್ಲಿದ್ದಾರೆ.

ಮನೆಯಲ್ಲಿ ಕಂಪ್ಯೂಟರ್ ಕಲಿಯುತ್ತಿರುವ ಹೆಣ್ಣುಮಕ್ಕಳಿದ್ದರೆ ಇವರ ಕಥೆ ಹೇಳಿ. ಬಂದರಿನ ಭಾಗವನ್ನು ಮಾತ್ರ ಬಿಡಬೇಡಿ.