ರಿಸರ್ವ್ ತಿರುಗಿಸುವ ಮುಂಚೆ

ನನ್ನ ಹಳೇ ಬೈಕಿನ ಪೆಟ್ರೋಲ್ ಮುಳ್ಳನ್ನು ನಾನು ಪೂರ್ತಿ ನಂಬುವುದಿಲ್ಲ. ಶಿರಾಡಿ ಘಾಟಿ ಹತ್ತುವಾಗ ಒಂದು ತರ, ಇಳಿಯುವಾಗ ಇನ್ನೊಂದು ತರ ತೋರಿಸುತ್ತದೆ. ಟ್ಯಾಂಕಿನೊಳಗೆ ತೇಲುವ ಬುರುಡೆಯ ಮೇಲೆ ನಡೆಯುವ ಮುಳ್ಳು ಅದು. ಬೈಕ್ ವಾಲಿದರೆ ಪೆಟ್ರೋಲ್ ಸರಿಯುತ್ತದೆ, ಮುಳ್ಳೂ ಜೊತೆಗೇ ಸರಿಯುತ್ತದೆ ಅಲ್ವಾ?

ಎರಡು ವರ್ಷದ ಹಿಂದೆ ಮಂಗಳೂರಿಂದ ಬರುತ್ತಾ ದೋಣಿಗಲ್ ಹತ್ತಿರ ಬೈಕ್ ನಿಂತಿತು. ಸಂಜೆ, ಜಡಿ ಮಳೆ. ರಿಸರ್ವ್‌ಗೆ ತಿರುಗಿಸೋಣ ಅಂತ ಕೈ ಹಾಕಿದರೆ ನಾಬ್ ಆಗಲೇ ರಿಸರ್ವ್‌ನಲ್ಲಿತ್ತು! ಹಿಂದಿನ ಸಲ ಪೆಟ್ರೋಲ್ ಹಾಕಿಸಿ ವಾಪಸ್ ತಿರುಗಿಸಲು ಮರೆತಿದ್ದೆ. ಟ್ಯಾಂಕಿನೊಳಗೆ ಮಾಮೂಲಿ ಕೊಳವೆ ಎತ್ತರ, ರಿಸರ್ವ್‌ದು ಗಿಡ್ಡ. ಎತ್ತರದ್ದು ಒಣಗಿದಾಗ ಎಂಜಿನ್ ತಡವರಿಸುತ್ತದಲ್ಲ, ಅದೇ ಎಚ್ಚರಿಕೆ. ಆ ಎಚ್ಚರಿಕೆಯನ್ನೇ ಕಳೆದುಕೊಂಡಿದ್ದೆ.

ಬೈಕನ್ನು ನಾಬ್ ಇರುವ ಕಡೆಗೆ ಚೆನ್ನಾಗಿ ವಾಲಿಸಿದೆ. ಟ್ಯಾಂಕಿನ ಇನ್ನೊಂದು ಬದಿಯಲ್ಲಿ ಉಳಿದಿದ್ದ ಪೆಟ್ರೋಲ್ ಗುಳುಗುಳು ಅಂತ ಈಚೆ ಬಂತು. ಎರಡು ಕಿಲೋಮೀಟರ್ ಎಳೆಯಿತು. ಉಳಿದದ್ದು ತಳ್ಳಿದೆ.

ಈಗ ಫುಲ್ ಟ್ಯಾಂಕ್ ಮಾಡಿಸಿದ ಕೂಡಲೇ ನಾಬ್ ನೋಡುತ್ತೇನೆ, ಟ್ರಿಪ್ ಮೀಟರ್ ಸೊನ್ನೆ ಮಾಡುತ್ತೇನೆ. ಹೋದ ಸಲ 312 ಕಿಲೋಮೀಟರಿಗೆ 6 ಲೀಟರ್ ಹಿಡಿಯಿತು. ಅಂದರೆ ಲೀಟರಿಗೆ 52. ಆದರೆ ಹಿಂದೆ ಹೆಂಡತಿ, ಮುಂದೆ ಘಾಟಿ ಇದ್ದರೆ 40 ಅಂತಲೇ ಲೆಕ್ಕ. 200 ದಾಟಿತು ಅಂದರೆ ಮುಳ್ಳು ಏನೇ ಹೇಳಲಿ, ಮುಂದಿನ ಬಂಕಿನಲ್ಲಿ ನಿಲ್ಲಿಸುತ್ತೇನೆ.